ಆಕಾಶಗಡದ ಒಂಬತ್ತನೆಯ ದುಷ್ಟ

ತಿಕೋಟಾ
6 ಏಪ್ರಿಲ್ 2025

ಮಗ ರಿಜ್ವಾನನಿಗೆ ಅಬ್ಬಾನ ಸಲಾಂ ಮತ್ತು ದುವಾ.

ಮೊದಲು ಖರ್ಚು ಬರೆದುಬಿಡುತ್ತೇನೆ, ಮಾತು ಆಮೇಲೆ. ಗೊಂಬೆಗೆ ಎಂಟುನೂರು. ಬಬಲೇಶ್ವರಕ್ಕೆ ಮೂರು ಸಲ ಹೋಗಿ ಬಂದ ಪೆಟ್ರೋಲು ನಾಲ್ಕುನೂರ ಐವತ್ತು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮಾಡಿಸಿದ ಗಾಜಿನ ಶೋಕೇಸು, ಒಳಗಿನ ಬಲ್ಬು ಸಹಿತ, ಆರು ಸಾವಿರದ ಎರಡುನೂರು. ಅದನ್ನು ಇಲ್ಲಿಗೆ ತಂದ ಟಂಟಂ ಗಾಡಿಗೆ ಒಂಬೈನೂರು. ಮಟನ್ನಿಗೆ ಹದಿನಾರುನೂರು, ಹಬ್ಬಕ್ಕೆ ಹೇಗೂ ತರುತ್ತಿದ್ದೆ, ಎರಡು ಕಿಲೋ ತಂದದ್ದು ನೀನು ಬರುತ್ತೀ ಎಂದು. ಒಟ್ಟು ಒಂಬತ್ತು ಸಾವಿರದ ಒಂಬೈನೂರ ಐವತ್ತು. ಇಷ್ಟು ಹಾಕಿದ್ದಕ್ಕೆ ಬಂದ ಫಲವೆಂದರೆ, ರಂಜಾನ ಹಬ್ಬದ ದಿನ ನನ್ನ ಒಬ್ಬನೇ ಮಗ ಸುರಕುಂಬಾ ಪಾಯಸದ ಬಟ್ಟಲು ಮುಟ್ಟದೆ ಎದ್ದುಹೋದ. ಆ ಖಾನೆಯಲ್ಲಿ ಯಾವ ಅಂಕಿ ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ಬಾಗಿಲಲ್ಲಿ ನಿಂತು ಹೇಳಿದೆಯಲ್ಲ, "ಫೋನ ಮಾಡಬ್ಯಾಡ್ರಿ ಅಬ್ಬಾ. ಫೋನಿನ್ಯಾಗ ನೀವು ಮಾತಾಡ್ತೀರಿ, ನಾ ಹೂಂ ಅಂತೀನಿ. ಹೇಳೂದಿದ್ರ ಬರದ ಕಳಸ್ರಿ." ತಿಕೋಟಾದಿಂದ ಜಲನಗರಕ್ಕೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ, ಅಷ್ಟಕ್ಕೆ ಪತ್ರ ಬರೆಯುವ ಅಪ್ಪ ನಾನೊಬ್ಬನೇ ಇರಬೇಕು. ಕಂಡಕ್ಟರ ಅಲ್ಲಾಉದ್ದೀನನ ಕೈಯಲ್ಲಿ ಕಳಿಸುತ್ತಿದ್ದೇನೆ. ಲೆಕ್ಕವನ್ನು ಮೊದಲಿನಿಂದ ಬರೆಯುವುದು ನನ್ನ ರೂಢಿ. ಎಲ್ಲಿ ತಪ್ಪಿದೆಯೋ ಅಲ್ಲಿ ಗೆರೆ ಹೊಡೆ.

ರೋಜಾದ ತಿಂಗಳಲ್ಲಿ ನಿನ್ನ ತಂಗಿ ಹೀನಾ ಹೇಳಿದಳು: "ಭೈಯಾನ ಹತ್ರ ಆಕಾಶಗಡದ ದುಷ್ಟರು ಎಂಟ ಮಂದಿ ಅದಾರ, ಒಬ್ಬ ಸಿಕ್ಕಿಲ್ಲ." ಆಕಾಶಗಡವೆಂದರೆ ನೀನು ಸಾಲಿಗೆ ಹೋಗುವಾಗ ಭಾನುವಾರ ಮುಂಜಾನೆ ಟಿವಿಯಲ್ಲಿ ಬರುತ್ತಿದ್ದ, ಚುಕ್ಕಿಗಳ ನಡುವೆ ಹಡಗು ಹಾರಿಸುವ ಸೀರಿಯಲ್ಲು ಎಂದು ಆಕೆಯೇ ತಿಳಿಸಿಕೊಟ್ಟಳು. ಕೈಕಾಲು ಆಡಿಸಲು ಬರುವ ಗೇಣುದ್ದದ ಪ್ಲಾಸ್ಟಿಕ್ ಗೊಂಬೆಗಳು. ತ್ರಿವಕ್ರ, ರಾಣಿ ಉಲ್ಕಾ, ಡಾಕ್ಟರ್ ಪಾದರಸ, ಹೀಗೆ ಎಂಟು. ಒಂಬತ್ತನೆಯವನು ಮೌನಾಸುರ, ಸೀರಿಯಲ್ಲು ಮುಗಿಯುವ ತನಕ ಒಂದು ಮಾತೂ ಆಡದವನು. ಮಾತಾಡದವನಿಗೆ ಇಷ್ಟು ಬೇಡಿಕೆ ಇರುವುದನ್ನು ನನ್ನ ಐವತ್ತೆಂಟು ವರ್ಷದಲ್ಲಿ ಮೊದಲ ಸಲ ಕಂಡೆ.

ಗೊಂಬೆಗಳು ನಿನ್ನ ಅಮ್ಮಿಯ ತವರೂರು ಬಬಲೇಶ್ವರದ ಯಾವುದೋ ಅಂಗಡಿಯಿಂದ ಬರುತ್ತಿದ್ದವೆಂದು ಕೇಳಿ ಹೊರಟೆ. ಮೂರನೆಯ ಸಲಕ್ಕೆ ಧೂಳಪ್ಪನೆಂಬ ಪಾಟಿ-ಪುಸ್ತಕದ ಅಂಗಡಿಯವನು ಸಿಕ್ಕ. ಒಳಗಿನ ಗೂಡಿನಿಂದ ಮೌನಾಸುರನನ್ನು ತೆಗೆದು, ರೇಟು ಹೇಳುವ ಬದಲು ಏನೋ ಕಥೆ ಶುರು ಮಾಡಿದ. ಕಥೆ ಹೇಳುವ ಅಂಗಡಿಯವನು ರೇಟು ಏರಿಸುವವನೇ ಎಂಬುದು ನನಗೆ ಗೊತ್ತಿರದೆ ಇರುತ್ತದೆಯೇ? ಅಲ್ಲಿಗೇ ತಡೆದು ಎಂಟುನೂರು ಅವನ ಕಿಸೆಗೆ ಹಾಕಿ ಬಂದೆ.

ಉಳಿದ ಎಂಟು ನಿನ್ನ ಅಮ್ಮಿಯ ಕಪಾಟಿನ ಮೇಲೆ, ಆಕೆಯ ಹಳೆಯ ಓಢಣಿಯಲ್ಲಿ ಕಟ್ಟಿಟ್ಟದ್ದು ಸಿಕ್ಕವು. ಡಬ್ಬಿಯ ಒಂದು ಟೇಪೂ ಹರಿದಿರಲಿಲ್ಲ. ಮಣೂಕಿನ ದಂಧೆಯಲ್ಲಿ, ದ್ರಾಕ್ಷಿ ಒಣಗಿಸಿ ಮಾರುತ್ತ, ನಾನು ತಲೆ ನೆರೆಸಿದವನು. ನಮ್ಮಲ್ಲಿ ಕೊಳ್ಳುವವನ ಎದುರು ಡಬ್ಬಿ ಬಿಚ್ಚಿ, ಒಂದು ಹಿಡಿ ತೆಗೆದು ಅಂಗೈ ಮೇಲೆ ಹರವಿ ತೋರಿಸುವುದೇ ಮರ್ಯಾದೆ. ಮುಚ್ಚಿದ ಡಬ್ಬಿ ಮುಂದೆ ತಳ್ಳುವವನ ಮಾಲಿನಲ್ಲಿ ಕಡ್ಡಿ ಇರುತ್ತದೆ, ಇಲ್ಲವೇ ಮನಸ್ಸಿನಲ್ಲಿ ಇರುತ್ತದೆ. ಮಗನಿಗೆ ಮುಚ್ಚಿದ್ದು ಕೊಡಲೇ? ಒಂಬತ್ತೂ ಬಿಚ್ಚಿದೆ. ಬಟ್ಟೆಯಿಂದ ಒರೆಸಿ ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸಿ ಬಲ್ಬು ಹಚ್ಚಿದೆ.

ನೀನು ಜಳಕ ಮಾಡಿ ಬಂದು ಅದರ ಮುಂದೆ ನಿಂತೆ. ಕೇಳಿದ್ದು ಒಂದೇ ಮಾತು: "ಡಬ್ಬಿ ಎಲ್ಲಿ ಅದಾವ?"

"ಬಂಬದ ಉರಿಗೆ ಹಾಕೀನಿ. ನಿನ್ನ ಜಳಕದ ನೀರ ಅದರಾಗ ಕಾದೈತಿ" ಎಂದೆ. ನಗುತ್ತಲೇ ಎಂದೆ.

ಆಮೇಲಿನದು ನಿನಗೆ ಗೊತ್ತು. ಏನು ತಪ್ಪಾಯಿತೆಂದು ಬರೆ.

ನಿನ್ನ ಅಬ್ಬಾ,
ಸೈಫುದ್ದೀನ


ಜಲನಗರ, ವಿಜಯಪುರ
15 ಏಪ್ರಿಲ್ 2025

ಅಬ್ಬಾನವರಿಗೆ ಸಲಾಂ.

ಪತ್ರ ಸಿಕ್ಕಿತು. ಅಲ್ಲಾಉದ್ದೀನ ಚಾಚಾ ಕ್ಲಿನಿಕ್ಕಿಗೆ ಬಂದು ನನ್ನ ಎಕ್ಸ್‌ರೇ ಕೋಣೆಯ ಬಾಗಿಲಿಗೇ ತಂದುಕೊಟ್ಟು, "ಜವಾಬ ತಗೊಂಡ ಬಾ ಅಂದಾರ" ಎಂದು ಪೇಷಂಟುಗಳ ಬೆಂಚಿನ ಮೇಲೆ ಕೂತುಬಿಟ್ಟರು. ಅವರನ್ನು ಬರಿಗೈಯಲ್ಲಿ ಕಳಿಸಿದ್ದಕ್ಕೆ ಕ್ಷಮಿಸಿ.

ಶೋಕೇಸು ಚೆನ್ನಾಗಿದೆ. ನೀವು ಪಟ್ಟ ಶ್ರಮ ನನಗೆ ಕಾಣದೆ ಇಲ್ಲ. ಒಂದು ಮಾತು ಮಾತ್ರ ಕೇಳಬೇಕು ಅನಿಸಿತು. ಒಂಬತ್ತು ವರ್ಷದ ಹುಡುಗನ ಕೈಗೆ ಬಂದ ಆಟಿಕೆ ಅವನಿಗೆ ಮೂವತ್ತು ದಾಟಿದರೂ ಡಬ್ಬಿಯಲ್ಲೇ ಯಾಕೆ ಉಳಿಯಿತು ಎಂದು, ಟೇಪು ಕೀಳುವ ಮೊದಲು ನಿಮಗೆ ಅನಿಸಲಿಲ್ಲವೇ?

ಆಗಸ್ಟಿನಲ್ಲಿ ಅಮ್ಮಿ ತೀರಿದ ದಿನದ ಫಾತೆಹಾ ಇದೆ. ಆ ಮನೆಗೆ ಬಂದು ಆ ಗಾಜಿನ ಮುಂದೆ ಕೂತು ಓದಲು ನನ್ನಿಂದ ಆಗುತ್ತದೆಯೋ ಇಲ್ಲವೋ ಈಗಲೇ ಹೇಳಲಾರೆ.

ರಿಜ್ವಾನ


ತಿಕೋಟಾ
27 ಏಪ್ರಿಲ್ 2025

ಮಗ ರಿಜ್ವಾನನಿಗೆ ಸಲಾಂ, ದುವಾ.

ನಿನ್ನ ಪ್ರಶ್ನೆ ಹಿಡಿದುಕೊಂಡು ವಿಜಯಪುರಕ್ಕೇ ಬಂದಿದ್ದೆ. ನಿನ್ನ ಹತ್ತಿರ ಬರಲಿಲ್ಲ, ನಿನ್ನ ಗೆಳೆಯ ಮಿಲಿಂದನ ಹತ್ತಿರ ಹೋದೆ. ಅವನೂ ಇಂಥ ಗೊಂಬೆ ಕೂಡಿಡುತ್ತಾನಲ್ಲ. ವಿಷಯ ಕೇಳಿ ತಲೆಯ ಮೇಲೆ ಕೈ ಹೊತ್ತ. "ಕಾಕಾ, ಬಿಚ್ಚದ ಡಬ್ಬಿಗೆ ಒಂದ ರೇಟು, ಬಿಚ್ಚಿದ್ದಕ್ಕ ಒಂದ ರೇಟು. ಒಂಬತ್ತರ ಸೆಟ್ಟ ಪ್ಯಾಕ ಇದ್ದಿದ್ರ ಮುಂಬೈದವರು ಲಕ್ಷದ ಮಾತ ಆಡತಿದ್ರು. ಈಗ ಆಟಗಿ ಸಾಮಾನದ ರೇಟು."

ಆಗ ನನಗೆ ತಿಳಿಯಿತು. ಇದನ್ನು ನೀನೇ ಬಾಯಿಬಿಟ್ಟು ಹೇಳಬಹುದಿತ್ತಲ್ಲೋ. ಮಾಲು ಕೆಡಿಸಿದವನು ನಾನು, ತುಂಬಿಕೊಡುವವನೂ ನಾನೇ. ಮುಂಬೈಯವರ ರೇಟು ತರಿಸಿ ತಿಳಿಸು.

ಅಷ್ಟಕ್ಕೇ ಬಿಟ್ಟಿಲ್ಲ. ಶೋಕೇಸು ಮಾಡಿದವನ ಪಕ್ಕದಲ್ಲೇ ಡಬ್ಬಿ ಕಟ್ಟುವ ಜಾವೀದ ಇದ್ದಾನೆ, ನಮ್ಮ ಮಣೂಕಿನ ಪ್ಯಾಕಿಂಗ್ ಅವನದೇ. ಒಂಬತ್ತು ಗೊಂಬೆಯನ್ನೂ ಒಯ್ದು ಅಳತೆ ಕೊಟ್ಟೆ. ಅವನು ಮೌನಾಸುರನನ್ನು ತಿರುಗಿಸಿ ಮುರುಗಿಸಿ ನೋಡಿ, "ಸೇಟ, ಇಂವಾ ಕಿಲೋದ ಡಬ್ಬ್ಯಾಗ ಹಿಡಸೂದಿಲ್ಲ, ಕೋಡ ಅಡ್ಡ ಬರತಾವ" ಎಂದ. ಬೇರೆ ಅಳತೆಯಲ್ಲಿ ಮಾಡಿಸಿದ್ದೇನೆ. ಎದುರಿಗೆ ಪಾರದರ್ಶಕ ಪ್ಲಾಸ್ಟಿಕ್ಕು, ಹಿಂದೆ ಗಟ್ಟಿ ರಟ್ಟು, ನಾಲ್ಕೂ ಕಡೆ ಸೀಲು. ಕಂಪನಿಯದಕ್ಕಿಂತ ಗಟ್ಟಿ. ಈಗ ಯಾರು ಬಂದರೂ ಬಿಚ್ಚಲು ಬಿಡುವುದಿಲ್ಲ, ನಾನೇ ಕಾವಲು.

ಫಾತೆಹಾ ಆಗಸ್ಟ್ ಮೂವತ್ತೊಂದಕ್ಕೆ, ಭಾನುವಾರ ಬಂದಿದೆ. ರಜೆಯ ಗೊಡವೆ ಇಲ್ಲ. ಬರುವುದೇ ಎಂದು ತಿಳಿಯುತ್ತೇನೆ.

ನಿನ್ನ ಅಬ್ಬಾ,
ಸೈಫುದ್ದೀನ


ಜಲನಗರ
11 ಮೇ 2025

ಅಬ್ಬಾನವರಿಗೆ ಸಲಾಂ.

ಹೊಸ ಡಬ್ಬಿಗಳ ಫೋಟೋ ಹೀನಾ ಕಳಿಸಿದಳು. ರಾಣಿ ಉಲ್ಕಾಳ ತಲೆಯ ಮೇಲೆ ಬಂಗಾರದ ಅಕ್ಷರದಲ್ಲಿ "ಸೈಫುದ್ದೀನ ಮಣೂಕ ಮರ್ಚಂಟ್, ತಿಕೋಟಾ" ಎಂದು ಅಚ್ಚಾಗಿದೆ. ನೋಡಿ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟು ಬಂತು. ಇನ್ನು ಸುಮ್ಮನಿದ್ದರೆ ನೀವು ಮತ್ತೊಂದು ಖರ್ಚು ಮಾಡುತ್ತೀರಿ ಎಂದು ಬರೆಯುತ್ತಿದ್ದೇನೆ.

ರೇಟಿನ ಮಾತಲ್ಲ ಅಬ್ಬಾ.

ಭಾನುವಾರ ಮುಂಜಾನೆ ನೀವು ದ್ರಾಕ್ಷಿ ತೋಟ ಸುತ್ತಲು ಹೋಗಿರುತ್ತಿದ್ದಿರಿ. ಆಕಾಶಗಡ ಶುರುವಾದರೆ ಅಮ್ಮಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ನನ್ನ ಪಕ್ಕ ಕೂಡುತ್ತಿದ್ದಳು. ಪ್ರತಿ ವಾರ ಕೊನೆಗೆ ದುಷ್ಟನನ್ನು ಹಿಡಿದು, ಹಿಮದ ಪೆಟ್ಟಿಗೆಯಲ್ಲಿ ಮುಚ್ಚಿ ಆಕಾಶಕ್ಕೆ ತೇಲಿಬಿಡುತ್ತಿದ್ದರು. ನಾನು ಚಪ್ಪಾಳೆ ಹೊಡೆಯುತ್ತಿದ್ದೆ, ಅಮ್ಮಿ ಹೊಡೆಯುತ್ತಿರಲಿಲ್ಲ. "ಗೆದ್ದವಂಗ ಮಾಲಿ ಹಾಕಾಕ ಊರ ನಿಂತೈತಿ. ಈ ಪೆಟಗ್ಯಾಗ ಹ್ವಾದವನ ಮನ್ಯಾಗ ಯಾರರ ಹಾದಿ ನೋಡತಿರಬೇಕಲ್ಲೋ" ಎನ್ನುತ್ತಿದ್ದಳು.

ತವರಿಗೆ ಹೋದಾಗಲೆಲ್ಲ ಒಂದು ಗೊಂಬೆ ತರುತ್ತಿದ್ದಳು. ದುಷ್ಟರನ್ನೇ. ಮೊದಲನೆಯದು ತ್ರಿವಕ್ರ. ಬಿಚ್ಚಲು ಹೋದೆ, ಕೈ ಹಿಡಿದಳು. "ತಡೀ. ಎಲ್ಲಾರೂ ಬಂದ ಕುಂಡರಲಿ. ಒಬ್ಬ ಬರೂದಿದ್ದಾಗ ದಸ್ತರಖಾನದ ಮುಂದ ಯಾರರ ತುತ್ತ ಎತ್ತತಾರೇನು? ಒಂಬತ್ತೂ ಆದ ದಿನ ನಾವಿಬ್ರೂ ಕೂಡಿ ಬಿಚ್ಚೂಣು."

ನಮ್ಮ ಮನೆಯ ಪದ್ಧತಿಯೇ ಅದಾಗಿತ್ತಲ್ಲ. ನೀವು ತೋಟದಿಂದ ಬರುವ ತನಕ ಊಟದ ದಸ್ತರಖಾನ ಹಾಸಿಯೇ ಇರುತ್ತಿತ್ತು, ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿರುತ್ತಿತ್ತು. ನೀವು ಬಂದು "ಉಣ್ಣೂದ ಬಿಟ್ಟ ಕುಂತೀಯಲ್ಲ, ಹುಚ್ಚಿ" ಎನ್ನುತ್ತಿದ್ದಿರಿ.

ಎಂಟು ಆದವು. ಒಂಬತ್ತನೆಯದು ಆಗಲಿಲ್ಲ. ಅಮ್ಮಿ ಹೋಗಿ ಆರು ವರ್ಷವಾಯಿತು. ಆದರೂ ಟೇಪು ಹಾಗೇ ಇರುವ ತನಕ ಆ ದಿನ ಇನ್ನೂ ಬರುವುದಿದೆ ಎಂದು ನಾನು ತಿಳಿದುಕೊಂಡಿದ್ದೆ. ಹುಚ್ಚುತನ, ಗೊತ್ತು. ಹಬ್ಬದ ಮುಂಜಾನೆ ನೋಡಿದರೆ ಅದು ಆಗಿಹೋಗಿತ್ತು. ನಾನೂ ಇರಲಿಲ್ಲ, ಆಕೆಯೂ ಇರಲಿಲ್ಲ.

ಇದಕ್ಕೆ ಮುಂಬೈಯವರು ಯಾವ ರೇಟು ಹೇಳುತ್ತಾರೆ?

ರಿಜ್ವಾನ


ತಿಕೋಟಾ
29 ಜೂನ್ 2025

ರಿಜ್ವಾನ,

ಒಂದೂವರೆ ತಿಂಗಳಾಯಿತು. ಮಾತಿನ ಮೇಲೆ ಮನೆ ಕಟ್ಟಿದವನಿಗೆ ಮಾತು ಸಿಗಲಿಲ್ಲ ಎಂದರೆ ನೀನು ನಂಬಲಿಕ್ಕಿಲ್ಲ. ಅಲ್ಲಾಉದ್ದೀನನನ್ನು ಕೇಳು. ದಿನಾ ನಮ್ಮ ಅಂಗಡಿಯ ಮುಂದೆ ಬಾಗಿಲಿನಿಂದ ಜೋತುಬಿದ್ದು "ಇವತ್ತರ ಐತೇನ್ರಿ ಚೀಟಿ?" ಎನ್ನುತ್ತಿದ್ದ. ನಾನು ಕೈ ಆಡಿಸುತ್ತಿದ್ದೆ.

ಹೋದ ವಾರ ಮತ್ತೆ ಬಬಲೇಶ್ವರಕ್ಕೆ ಹೋದೆ. ಧೂಳಪ್ಪನ ಕಟ್ಟೆಯ ಮೇಲೆ ಕೂತು, "ಅವತ್ತ ನೀ ಹೇಳಾಕ ಬಂದ ಕಥಿ ಹೇಳು" ಎಂದೆ.

"ಈಗ ಕೇಳತೀರೇನ್ರಿ ಸಾವಕಾರ್ರ? ಅವತ್ತ ರೊಕ್ಕಾ ಕಿಸೇಕ ತುರುಕಿ, ಚಪ್ಪಲಿ ಮೆಟಗೊಂಡ ನಡದ್ರಿ."

"ಈಗ ಕೇಳತೀನಿ."

"ನಡುವ ಬಾಯಿ ಹಾಕಬಾರದ್ರಿ ಮತ್ತ" ಎಂದ. ಹಾಕಲಿಲ್ಲ.

ಅವನು ಹೇಳಿದ್ದನ್ನು ಹೇಗಿದೆಯೋ ಹಾಗೆ ಬರೆಯುತ್ತೇನೆ. "ಹೀರೋ ಗೊಂಬಿ ಬಂದ ದಿನಾ ಖಾಲಿ ಆಗತಿದ್ದು. ಈ ದುಷ್ಟರು ಮಾತ್ರ ಮಾಡದ ಗೂಡಿನ್ಯಾಗ ಧೂಳ ತಿನಕೋತ ಕುಂಡರತಿದ್ರು. ಗೈಬುಸಾಬನ ಮಗಳು, ರೋಶನಬಿ ಅಕ್ಕಾರು, ತವರಮನಿಗೆ ಬಂದಾಗೆಲ್ಲಾ ಬರಾವ್ರು. ಒಂದೊಂದಕ್ಕ ಅರ್ಧಾ ತಾಸ ಜಗಳ. 'ಯಾರೂ ಮೂಸಿ ನೋಡದ ಮಾಲಿಗೆ ಪೂರಾ ರೇಟ ಹೆಂಗ ಕೇಳತಿ ಧೂಳಪ್ಪ, ನಾ ಒಯ್ದ್ರ ನಿನ್ನ ಮಾಡ ಖಾಲಿ ಆಗತೈತಿ, ನೀನ ನನಗ ಕೊಡಬೇಕು' ಅನ್ನಾವ್ರು. ನಗಿಸಿ ನಗಿಸಿ ಅರ್ಧಾ ರೇಟಿಗೆ ಒಯ್ಯಾವ್ರು. ಕಡೀದಾಂವ ಒಬ್ಬ ಬಂದ್ರ ನನ್ನ ಹೆಸರೀಲೆ ಇಡು ಅಂದಿದ್ರು. ಮಾಲ ಬಂತು, ಇಟ್ಟೆ. ಅಕ್ಕಾರು ಬರಲಿಲ್ಲ. ಗೈಬುಸಾಬ ತೀರಕೊಂಡು ಆ ಮನಿ ಮಾರಿದ ಮ್ಯಾಲ ಅವರಿಗೆ ಈ ಕಡೆ ಬರಾಕ ಏನ ಕೆಲಸ? ಎಲ್ಲಿಗೆ ಕೊಟ್ಟಾರ ಅಂತ ನಾ ಕೇಳಿರಲಿಲ್ಲ. ನೀವು ಬಂದ ಆಕಾಶಗಡ ಅಂದಕೂಡ್ಲೆ, ಇದು ಒಬ್ಬರ ಹೆಸರೀಲೆ ಇಟ್ಟ ಮಾಲೈತಿ, ನೀವು ಅವರ ಕಡಿಯಾವರೇನು ಅಂತ ಕೇಳಾಕ ಬಂದೆ. ಬಿಡಲಿಲ್ಲ ನೀವು."

ಬಿಟ್ಟಿದ್ದರೆ ರಿಜ್ವಾನ, ಅಂದೇ ನನಗೆ ತಿಳಿಯುತ್ತಿತ್ತು. ಡಬ್ಬಿ ನಿನ್ನ ಕೈಗೆ ಮುಚ್ಚಿದ್ದೇ ಬರುತ್ತಿತ್ತು.

ನಿನ್ನ ಅಮ್ಮಿಯ ಆ ತವರುಮನೆಯ ಮಾರಾಟ ಕುದುರಿಸಿದವನು ನಾನೇ. ಒಳ್ಳೆಯ ರೇಟು ಬಂದಿತ್ತು. ನಮ್ಮ ಮನೆಯಲ್ಲಿ ಚೌಕಾಸಿ ಬಲ್ಲವನು ನಾನೊಬ್ಬನೇ ಎಂದೂ ತಿಳಿದಿದ್ದೆ.

ಬಂಗಾರದ ಅಕ್ಷರದ ಡಬ್ಬಿಗಳನ್ನು ತೆಗೆದುಹಾಕಿದ್ದೇನೆ. ಸುಡಲಿಲ್ಲ. ಗೊಂಬೆಗಳು ಓಢಣಿಯಲ್ಲಿವೆ. ಶೋಕೇಸನ್ನು ಅಂಗಡಿಗೆ ಒಯ್ದು ಮಣೂಕಿನ ಸ್ಯಾಂಪಲ್ ಇಟ್ಟಿದ್ದೇನೆ. ನೀನು ಬಂದರೆ ಅದರ ಮುಂದೆ ಕೂಡಬೇಕಾಗಿಲ್ಲ. ಬಾ ಎಂದು ಬರೆಯುವುದಿಲ್ಲ. ಒಂದು ಕೇಳುತ್ತೇನೆ: ಇಷ್ಟು ವರ್ಷದಲ್ಲಿ ನೀನೇ ಧೂಳಪ್ಪನ ಹತ್ತಿರ ಯಾಕೆ ಹೋಗಲಿಲ್ಲ?

ಅಬ್ಬಾ


ಜಲನಗರ
3 ಆಗಸ್ಟ್ 2025

ಅಬ್ಬಾನವರಿಗೆ ಸಲಾಂ.

ಹೋಗಿದ್ದೆ. ಅಮ್ಮಿ ಹೋದ ಮರುವರ್ಷ ಬಬಲೇಶ್ವರದ ಸ್ಟ್ಯಾಂಡಿನಲ್ಲಿ ಇಳಿದೆ. ಅಂಗಡಿ ತೆರೆದಿತ್ತು. ರಸ್ತೆಯ ಆಚೆ ನಿಂತು ಒಂದು ಚಹಾ ಕುಡಿದೆ, ಬಂದ ಬಸ್ಸಿಗೇ ವಾಪಸು ಹತ್ತಿದೆ. ಕೇಳಿದರೆ ಅವನು "ಐತಿ" ಎಂದುಬಿಡುತ್ತಾನೆ ಎಂದು ಹೆದರಿದೆ. ಸಿಕ್ಕರೆ ಬಿಚ್ಚಬೇಕಾಗುತ್ತಿತ್ತು. ಒಬ್ಬನೇ.

ಈಗ ನಿಮ್ಮ ಪತ್ರ ಓದಿದ ಮೇಲೆ ಬೇರೆಯದೇ ಕಾಡುತ್ತಿದೆ. ಅಂದು ರಸ್ತೆ ದಾಟಿದ್ದರೆ ಅಮ್ಮಿ ಅರ್ಧ ತಾಸು ಜಗಳಾಡುತ್ತಿದ್ದ ಕಥೆ ಐದು ವರ್ಷ ಮೊದಲೇ ನನಗೆ ಸಿಗುತ್ತಿತ್ತು. ಧೂಳಪ್ಪನಿಗೆ ಬಾಯಿ ತೆರೆಯಲು ನೀವು ಬಿಡಲಿಲ್ಲ, ನಾನು ಅವನ ಮುಂದೆಯೇ ಹೋಗಲಿಲ್ಲ.

ಫಾತೆಹಾದ ಮಾತು: ಆ ಭಾನುವಾರ ಕ್ಲಿನಿಕ್ಕಿನಲ್ಲಿ ನನ್ನ ಪಾಳಿ ಇದೆ. ಬದಲಿ ಸಿಕ್ಕರೆ ನೋಡುತ್ತೇನೆ. ನನಗಾಗಿ ಯಾರನ್ನೂ ಕಾಯಿಸಬೇಡಿ.

ರಿಜ್ವಾನ


ತಿಕೋಟಾ
7 ಸೆಪ್ಟೆಂಬರ್ 2025

ಮಗ ರಿಜ್ವಾನನಿಗೆ ಅಬ್ಬಾನ ಸಲಾಂ ಮತ್ತು ದುವಾ.

ನೀನು ಬಂದುಹೋದದ್ದನ್ನು ನಿನಗೇ ಬರೆಯುವುದು ತಮಾಷೆಯೇ. ಆದರೆ ನೀನು ಬರುವ ಮೊದಲಿನದು ನಿನಗೆ ಗೊತ್ತಿಲ್ಲ.

ಓದುವುದು ಮುಗಿದು ದಸ್ತರಖಾನ ಹಾಸಿದಾಗ ಒಂದು ಗಂಟೆ. ಮೂರು ಮನೆಯ ಮಂದಿ ಸುತ್ತ ಕೂತರು. ನಾನು ಅನ್ನದ ಮೇಲಿನ ಬಟ್ಟೆ ತೆಗೆಯಗೊಡಲಿಲ್ಲ. ಎರಡಾಯಿತು. ನಿನ್ನ ಜುಲೇಖಾ ಫೂಫಿ, "ಯಾಕೋ ಸೈಫು, ನಮ್ಮದೂ ಫಾತೆಹಾ ಇವತ್ತ ಮುಗಸಬೇಕಂತ ಮಾಡೀಯೇನು?" ಎಂದಳು. ಅಲ್ಲಾಉದ್ದೀನ, "ಕೈ ತೊಳದದ್ದ ಒಣಗಿ ಮತ್ತ ತೊಳದ ಬಂದೆ" ಎಂದ. ಇಂಥ ಹೊತ್ತಿನಲ್ಲಿ ನನ್ನ ಹತ್ತಿರ ಹತ್ತು ಜವಾಬು ಇರುತ್ತಿದ್ದವು. ಅಂದು ಒಂದನ್ನೇ ಹೇಳಿದೆ: "ಒಬ್ಬ ಬರೂದೈತಿ."

ಹೊರಗೆ ಚಪ್ಪಲಿ ಬಿಡುತ್ತಿದ್ದ ನೀನು ಅದನ್ನು ಕೇಳಿಸಿಕೊಂಡೆಯೋ ಇಲ್ಲವೋ ತಿಳಿಯದು. ಬಂದು ನನ್ನ ಎದುರಿನ ಜಾಗದಲ್ಲಿ ಕೂತೆ. ಅನ್ನ ತಣ್ಣಗಾಗಿತ್ತು. ಅಷ್ಟು ವರ್ಷ ನಿನ್ನ ಅಮ್ಮಿ ತಣ್ಣಗಿನದನ್ನೇ ಉಂಡದ್ದು ನನಗೆ ಆಗ ನೆನಪಾಯಿತು.

ಊಟವಾದ ಮೇಲೆ ನೀನು ಓಢಣಿ ಬಿಚ್ಚಿ ಎಂಟನ್ನು ಮತ್ತೆ ಕಟ್ಟಿಕೊಂಡೆ. ಮೌನಾಸುರನನ್ನು ಕಪಾಟಿನ ಮೇಲೆ ನಿಲ್ಲಿಸಿದೆ. "ಇಂವಾ ಇಲ್ಲೇ ಇರ್ಲಿ. ನನ್ನ ಕಡೆ ಬರೂವಾಗ ನೀವ ತರ್ರಿ" ಎಂದೆ. ಯಾವಾಗ ಎಂದು ನಾನು ಕೇಳಿದೆ. ನೀನು ಚಪ್ಪಲಿ ಮೆಟ್ಟಿದೆ. ಮತ್ತೆ ಕೇಳಲಿಲ್ಲ. ಕೇಳದೆ ಇರುವುದನ್ನು ಕಲಿಯುತ್ತಿದ್ದೇನೆ.

ಲೆಕ್ಕ ಮುಗಿಸಿಬಿಡುತ್ತೇನೆ. ಶೋಕೇಸಿನವನಿಗೆ ಆರು ಸಾವಿರದ ಎರಡುನೂರು, ಜಾವೀದನಿಗೆ ಒಂಬತ್ತು ಡಬ್ಬಿಯ ಕೂಲಿ. ಧೂಳಪ್ಪನಿಗೆ ಎಂಟುನೂರು, ಮತ್ತು ಕಥೆ ಪೂರಾ ಕೇಳಿದ ಒಬ್ಬ ಗಿರಾಕಿ. ಅಲ್ಲಾಉದ್ದೀನನಿಗೆ ಪತ್ರ ಹೊತ್ತದ್ದಕ್ಕೆ ಎರಡು ಕಿಲೋ ಮಣೂಕು. ನಿನಗೆ ಎಂಟು ಗೊಂಬೆ. ಅವುಗಳನ್ನು ಬಿಚ್ಚುವ ದಿನ ಹೋಯಿತು, ಅದು ನನ್ನಿಂದ ಹೋಯಿತು. ನನಗೆ ಮಾತಾಡದ ಒಂದು ಗೊಂಬೆ, ಮತ್ತು ಭಾನುವಾರ ಮುಂಜಾನೆ ಹಿಟ್ಟಿನ ಕೈಯಲ್ಲಿ ಟಿವಿಯ ಮುಂದೆ ಕೂಡುತ್ತಿದ್ದ ಒಬ್ಬಾಕೆಯ ಪರಿಚಯ. ರೋಶನಬಿಗೆ ಏನೂ ಇಲ್ಲ.

ನಿನ್ನ ಅಬ್ಬಾ,
ಸೈಫುದ್ದೀನ